ಕಾಕಾನ ದೋನಾ ಪಾವ್ಲಾ

ನಮ್ಮ ಕುಡಚಿಯಲ್ಲಿ ಗೋವಾಕ್ಕೆ ಹೋಗುವುದೆಂದರೆ ದುಡಿಯಲು ಹೋಗುವುದು. ನೋಡಲಿಕ್ಕೆಂದು ಜನ ಹೋಗುತ್ತಿದ್ದದ್ದು ಪಂಢರಪುರಕ್ಕೆ, ಜೋತಿಬಾ ಡೊಂಗರಕ್ಕೆ, ಸವದತ್ತಿ ಗುಡ್ಡಕ್ಕೆ. ಹೆಚ್ಚೆಂದರೆ ಗೋಕಾಕ ಫಾಲ್ಸಿಗೆ. ಸಮುದ್ರ ನೋಡಬೇಕೆಂದು ಗಂಟು ಕಟ್ಟಿದವರನ್ನು ನಾನು ಸಣ್ಣವನಿದ್ದಾಗ ಕಂಡಿಲ್ಲ. ಗೋವಾಕ್ಕೆ ಹೊರಟವರ ಚೀಲದಲ್ಲಿ ಜೋಳದ ಹಿಟ್ಟು, ಶೇಂಗಾ ಹಿಂಡಿ, ಜೊತೆಗೆ ಕರಣಿ, ಓಳಂಬ. ಕೃಷ್ಣೆ ಹರಿಯುವ, ಕಬ್ಬು ಬೆಳೆಯುವ ಊರಿನವರು ದುಡಿಯಲು ದೂರ ಯಾಕೆ ಹೋಗಬೇಕು ಎಂದು ಹೊರಗಿನವರು ಕೇಳುತ್ತಾರೆ. ಕಬ್ಬು ನದಿಯ ನೀರು ಮುಟ್ಟಿದ ಹೊಲದವರಿಗೆ. ನಮ್ಮದು ಮಡ್ಡಿ. ಉಗಾರದ ಸಕ್ಕರೆ ಕಾರ್ಖಾನೆಯ ಹೊಗೆ ನಮ್ಮ ಹೊಲದ ಬದುವಿನಿಂದ ಕಾಣುತ್ತಿತ್ತು. ಅಲ್ಲಿಗೆ ಕಳಿಸಲು ನಮ್ಮ ಹತ್ತಿರ ಒಂದು ಜಲ್ಲೆಯೂ ಇರಲಿಲ್ಲ.

ಹಾಗೆ ಹೋದವರಲ್ಲಿ ನಮ್ಮ ಕಾಕಾನೂ ಒಬ್ಬ. ಮೊದಲು ಗೌಂಡಿಯ ಕೈಕೆಳಗೆ ಮಾಲು ಕಲಸುತ್ತಿದ್ದ. ಪಣಜಿ ಹತ್ತಿರದ ದೋನಾ ಪಾವ್ಲಾದಲ್ಲಿ ಒಂದು ಬಂಗಲೆ ಎದ್ದು ನಿಂತಾಗ ಅದರ ಮಾಲಕರು, ‘ನೀ ಇಲ್ಲೇ ಇದ್ದುಬಿಡು’ ಅಂದರಂತೆ. ಕಟ್ಟಿದವನೇ ಕಾಯುವವನಾದ. ಹಿತ್ತಲಲ್ಲಿ ಒಂದು ಖೋಲಿ ಸಿಕ್ಕಿತು, ಕಾಕೂನನ್ನು ಕರೆಸಿಕೊಂಡ. ಹಗಲು ಮಾಳಿ, ರಾತ್ರಿ ವಾಚ್‌ಮನ್. ಊರಿಗೆ ಬರುತ್ತಿದ್ದದ್ದು ಚಿಂಚಲಿ ಮಾಯಕ್ಕನ ಜಾತ್ರೆಗೆ ಮಾತ್ರ. ಬಂದಾಗಲೆಲ್ಲ, ‘ಒಮ್ಮೆ ಬಾರೋ ತಮ್ಮಾ, ದರಿಯಾ ತೋರಸ್ತೀನಿ’ ಅನ್ನುತ್ತಿದ್ದ.

ಪಿಯುಸಿಯ ದೀಪಾವಳಿ ಸೂಟಿಯಲ್ಲಿ ಹೊರಟೆ. 1980ರ ದಶಕದ ಕೊನೆ ಅದು. ಹಳಿ ಇನ್ನೂ ಮೀಟರ್ ಗೇಜ್. ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ್, ಘಟಪ್ರಭಾ ಎಂದು ಎಲ್ಲ ಕಡೆ ನಿಂತು ನಿಂತು ಗಾಡಿ ಲೋಂಡಾ ಮುಟ್ಟಿಸಿತು. ಅಲ್ಲಿ ಗಾಡಿ ಬದಲಿಸಬೇಕು. ಕ್ಯಾಸಲ್‌ರಾಕ್ ದಾಟಿದ ಮೇಲೆ ಘಟ್ಟ ಇಳಿಯುವಾಗ ಬೋಗಿಯಲ್ಲಿದ್ದ ನಮ್ಮ ಕಡೆಯ ಕೂಲಿಗಳು ಮಲಗಿಯೇ ಇದ್ದರು. ದೂಧಸಾಗರ ಬಂದಾಗ ಕಿಟಕಿಗೆ ಮುಖ ಹಚ್ಚಿದ್ದು ನಾನು ಮತ್ತು ಪುಣೆಯ ಕಡೆಯ ಒಂದು ಕುಟುಂಬ. ಪೋರ್ತುಗೀಜರ ಕಾಲದಲ್ಲಿ 1888ರಲ್ಲಿ ತೆರೆದ ಆ ಘಟ್ಟದ ಹಾದಿಯಲ್ಲಿ 1961ರವರೆಗೆ ಎರಡು ದೇಶಗಳ ನಡುವಿನ ಗಡಿ ಇತ್ತು. ಕ್ಯಾಸಲ್‌ರಾಕಿನಲ್ಲಿ ಸುಂಕದವರು ಗಂಟು ಬಿಚ್ಚಿಸಿ ನೋಡುತ್ತಿದ್ದರೆಂದು ನಮ್ಮ ಅಜ್ಜ ಹೇಳುತ್ತಿದ್ದ. ಅಂದರೆ ಘಟ್ಟ ಇಳಿಯುವ ಚಾಳಿ ಕಾಕಾನದೊಂದೇ ಅಲ್ಲ.

ಮೊದಲು ಕಂಡ ಸಮುದ್ರ ಚಿತ್ರದಲ್ಲಿದ್ದಂತೆ ಇರಲಿಲ್ಲ. ಮುರಗಾಂವ ಬಂದರದಲ್ಲಿ ಕಬ್ಬಿಣದ ಅದಿರಿನ ರಾಶಿಗಳು, ಕ್ರೇನುಗಳು, ಎಲ್ಲದರ ಮೇಲೆ ಕೆಂಪು ಧೂಳು. ದಂಡೆಯ ನೀರು ನಮ್ಮ ಹೊಸನೀರಿನ ಕೃಷ್ಣೆಯಷ್ಟೇ ರಾಡಿ. ಅಲ್ಲಿಂದ ದೋನಾ ಪಾವ್ಲಾಕ್ಕೆ ಆಗ ಲಾಂಚ್ ಇತ್ತು. ಜುವಾರಿ ನದಿಗೆ 1983ರಲ್ಲೇ ಸೇತುವೆ ಆಗಿತ್ತಾದರೂ ಬಸ್ಸು ಸುತ್ತು ಹಾಕಿ ಹೋಗಬೇಕು. ಲಾಂಚಿನಲ್ಲಿ ಅದಿರು ತುಂಬಿದ ಬಾರ್ಜುಗಳ ನಡುವೆ ಅಷ್ಟು ದೂರ ಹೋದ ಮೇಲೆ ನೀರಿನ ಬಣ್ಣ ತಿರುಗಿತು. ಎದುರಿಗೆ ಹಸಿರು ಗುಡ್ಡ, ಗಿಡಗಳ ನಡುವೆ ಅಲ್ಲೊಂದು ಇಲ್ಲೊಂದು ಕೆಂಪು ಹಂಚಿನ ಮಾಡು, ಕಲ್ಲಿನ ಕೋಡಿನ ಮೇಲೆ ಬಿಳಿ ಮೂರ್ತಿ. ಜೆಟ್ಟಿಯ ಮೇಲೆ ಕಾಕಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದ. ಊರಲ್ಲಿ ಅವನ ಮೈಮೇಲೆ ಅಂಥ ಅಂಗಿ ಕಂಡಿರಲಿಲ್ಲ.

ಜೆಟ್ಟಿಯಿಂದ ಒಳಗಿನ ಓಣಿಗೆ ತಿರುಗಿದ್ದೇ ತಡ, ಸಪ್ಪಳ ನಿಂತುಬಿಟ್ಟಿತು. ನಮ್ಮೂರಲ್ಲಿ ರೈಲಿನ ಶಿಳ್ಳೆ, ದರ್ಗಾದ ಬಾಂಗು, ಹನುಮಪ್ಪನ ಗುಡಿಯ ಸ್ಪೀಕರು, ಹಿಟ್ಟಿನ ಗಿರಣಿಯ ಪಟಪಟ, ಕಬ್ಬಿನ ಗಾಡಿಯ ಕಿರಗುಟ್ಟುವಿಕೆ, ಇವೆಲ್ಲ ಒಂದರ ಮೇಲೊಂದು ಬಿದ್ದು ದಿನ ಮುಗಿಯುತ್ತಿತ್ತು. ಇಲ್ಲಿ ಮನೆಗೂ ಮನೆಗೂ ನಡುವೆ ನಮ್ಮ ಒಂದು ಗಲ್ಲಿ ಹಿಡಿಸುವಷ್ಟು ಜಾಗ. ಕೆಂಪು ಚೀರೇಕಲ್ಲಿನ ಕಂಪೌಂಡು, ಒಳಗೆ ತೆಂಗು, ಅದರೊಳಗೆ ಹುಲ್ಲು, ಎಲ್ಲ ದಾಟಿದ ಮೇಲೆ ಮನೆ. ಒಳಗೆ ಕೆಮ್ಮಿದರೆ ಹೊರಗೆ ಕೇಳುವ ಮಾತೇ ಇಲ್ಲ. ಮೌನಕ್ಕೆ ಇಷ್ಟು ಜಾಗ ಬೇಕು, ಆ ಜಾಗಕ್ಕೆ ಇಷ್ಟು ದುಡ್ಡು ಬೇಕು ಎಂಬ ಲೆಕ್ಕ ನನಗೆ ಅಲ್ಲಿಯೇ ತಿಳಿದದ್ದು. ಕಾಕಾನ ದನಿಯೂ ಬದಲಾಗಿತ್ತು. ಊರಲ್ಲಿ ಎರಡು ಹೊಲದಾಚೆಯಿಂದ ಕೂಗಿ ಮಾತಾಡುತ್ತಿದ್ದ ಮನುಷ್ಯ, ಇಲ್ಲಿ ತನ್ನ ಖೋಲಿಯಲ್ಲಿ ಬಾಗಿಲು ಹಾಕಿಕೊಂಡು ಕಾಕೂನ ಜೊತೆ ಜಗಳಾಡುವಾಗಲೂ ಪಿಸುಗುಡುತ್ತಿದ್ದ. ನನಗೆ ನಗು ಬರುತ್ತಿತ್ತು, ಕಾಕೂಗೂ ಬರುತ್ತಿತ್ತು, ಹಾಗಾಗಿ ಜಗಳ ಒಂದೂ ದಡ ಮುಟ್ಟುತ್ತಿರಲಿಲ್ಲ.

ಸಮುದ್ರದ ದಂಡೆಯ ಮನೆ ದಿನಾ ಸವೆಯುತ್ತದೆಂದು ಗೊತ್ತಾದದ್ದು ಕಾಕಾನ ಕೆಲಸ ನೋಡಿ. ಮುಂಜಾನೆ ಎದ್ದವನೇ ಹಳೆಯ ಪೇಪರು ಒದ್ದೆ ಮಾಡಿ ಸಮುದ್ರದ ಕಡೆಯ ಕಿಟಕಿ ಗಾಜು ಒರೆಸುತ್ತಿದ್ದ. ರಾತ್ರಿಯೆಲ್ಲ ಬೀಸಿದ ಗಾಳಿಯ ಉಪ್ಪು ಗಾಜಿನ ಮೇಲೆ ಬೂದಿ ಬಳಿದಂತೆ ಕೂತಿರುತ್ತಿತ್ತು. ಆಮೇಲೆ ಗ್ರಿಲ್ಲು. ಮಳೆಗಾಲ ಮುಗಿದಿತ್ತಲ್ಲ, ಎಲ್ಲ ಗ್ರಿಲ್ಲಿಗೂ ತುಕ್ಕು. ಪಾಲಿಶ್ ಪೇಪರನ್ನು ಮರದ ತುಂಡಿಗೆ ಸುತ್ತಿಕೊಂಡು ಒಂದೊಂದೇ ಸರಳನ್ನು ತಿಕ್ಕುತ್ತಿದ್ದ. ಕೆಂಪು ಪುಡಿ ಉದುರಿ ಅವನ ಮುಂಗೈ ಕೂದಲಿನ ಮೇಲೆ ಕೂರುತ್ತಿತ್ತು. ತಿಕ್ಕಿದ ಸರಳಿಗೆ ಅಂದೇ ರೆಡ್ ಆಕ್ಸೈಡ್ ಬಳಿಯಬೇಕು. ನಾಳೆಗೆ ಬಿಟ್ಟರೆ ರಾತ್ರಿಯ ಗಾಳಿಗೆ ಮತ್ತೆ ತುಕ್ಕು. ಒಂದು ಸುತ್ತು ಮುಗಿಯುವಷ್ಟರಲ್ಲಿ ಮೊದಲ ಕಿಟಕಿ ಮತ್ತೆ ತಯಾರಾಗಿರುತ್ತದೆ ಅನ್ನುತ್ತಿದ್ದ. ಕಾಕೂನ ಗೋಳು ಬೇರೆ: ಊರಿಂದ ತಂದ ಹಿಂಡಿ ನಾಲ್ಕೇ ದಿನಕ್ಕೆ ಮುದ್ದೆ, ಉಪ್ಪು ನೀರು, ಹಪ್ಪಳ ಕರಿಯುವ ಮೊದಲೇ ಮೆತ್ತಗೆ. ರೊಟ್ಟಿ ಮಾತ್ರ ಅವಳು ಬಿಡಲಿಲ್ಲ. ಸೀಮೆಎಣ್ಣೆ ಸ್ಟವ್ವಿನ ಮೇಲೆ ಜೋಳದ ರೊಟ್ಟಿ ಬೇಯುವ ವಾಸನೆಗೆ ಪಕ್ಕದ ಬಂಗಲೆಯ ವಾಚ್‌ಮನ್ನರು ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದರು. ಒಬ್ಬ ಮುಧೋಳದವನು, ಒಬ್ಬ ಇಂಡಿ ತಾಲೂಕಿನವನು, ಇನ್ನೊಬ್ಬ ಅಥಣಿ ಕಡೆಯವನು. ಆ ಸಿರಿವಂತರ ಊರಿನ ಹಿತ್ತಲುಗಳಲ್ಲಿ ಮಾತೆಲ್ಲ ನಮ್ಮದೇ.

ನೋಡುವ ಜಾಗಗಳೆಂದು ಮೂರನ್ನು ತೋರಿಸಿದರು. ಎಲ್ಲರೂ ಹೋಗುವುದು ಜೆಟ್ಟಿಗೆ. 1981ರ ‘ಏಕ್ ದೂಜೇ ಕೇ ಲಿಯೇ’ ಸಿನಿಮಾದ ಶೂಟಿಂಗ್ ಆದ ಮೇಲೆ ಕೊಲ್ಹಾಪುರ, ಬೆಳಗಾವಿ ಕಡೆಯ ಕಾಲೇಜು ಹುಡುಗರಿಗೆ ಅದು ಯಾತ್ರಾಸ್ಥಳವೇ ಆಗಿಬಿಟ್ಟಿತ್ತು. ಕಲ್ಲಿನ ಮೇಲೆಲ್ಲ ಜೋಡಿ ಹೆಸರುಗಳು. ಅಲ್ಲಿಯ ಬಿಳಿ ಮೂರ್ತಿ ಜರ್ಮನಿಯ ಶಿಲ್ಪಿ ಇರ್ಸಾ ಫೋನ್ ಲೈಸ್ಟ್‌ನರ್ 1969ರಲ್ಲಿ ಮಾಡಿದ್ದು, ಹೆಸರು ‘ಭಾರತದ ಪ್ರತಿಮೆ’. ಗಂಡು ಒಂದು ದಿಕ್ಕಿಗೆ, ಹೆಣ್ಣು ಇನ್ನೊಂದು ದಿಕ್ಕಿಗೆ ನೋಡುವ ಅದನ್ನು ಗೈಡುಗಳು ದೋನಾ ಪಾವ್ಲಾ ಮತ್ತವಳ ಪ್ರೇಮಿ ಎಂದೇ ಮಾರುತ್ತಿದ್ದರು. ಬೆಸ್ತರ ಹುಡುಗನನ್ನು ಮೆಚ್ಚಿ ಸಮುದ್ರಕ್ಕೆ ಹಾರಿದಳೆಂಬ ಕತೆ ಜೊತೆಗೆ ಪುಕ್ಕಟೆ. ನಿಜವಾದ ದೋನಾ ಪಾವ್ಲಾ ಹದಿನೇಳನೇ ಶತಮಾನದ ಗೃಹಿಣಿ. ಶ್ರೀಮಂತರ ಮನೆಗೆ ಸೊಸೆಯಾಗಿ ಬಂದು 1682ರಲ್ಲಿ ತೀರಿಕೊಂಡವಳು. ಅವಳ ಗೋರಿಕಲ್ಲು ಎದುರಿನ ಕಾಬೊ ಭೂಶಿರದ ಇಗರ್ಜಿಯಲ್ಲಿದೆ. ಸುಮ್ಮನೆ ಸಂಸಾರ ಮಾಡಿ ಸತ್ತವಳ ಹೆಸರಿಗೆ ಪ್ರವಾಸಿಗರು ಬರುವುದಿಲ್ಲವೆಂದು ಪಾಪ, ಅವಳನ್ನು ದಿನಾ ನೂಕುತ್ತಾರೆ.

ಕಾಬೊ ಎರಡನೆಯದು. ಅಲ್ಲಿ ರಾಜಭವನ. ಕಾಕಾ ಅದರ ಗೇಟಿನವರೆಗೆ ಎಷ್ಟೋ ಸಲ ಹೋಗಿದ್ದ, ಒಳಗೆ ಹೋಗಿರಲಿಲ್ಲ. ಬಂಗಲೆಯ ಬಾಯಿಯವರು ಭಾನುವಾರ ಅಲ್ಲಿಯ ಇಗರ್ಜಿಗೆ ಪೂಜೆಗೆ ಹೋಗುವಾಗ, ‘ಹುಡುಗ ಓದುವವನು, ನೋಡಲಿ’ ಎಂದು ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡರು. ಅವರು ಒಳಗಿದ್ದಷ್ಟು ಹೊತ್ತು ನಾನು ಹೊರಗಿನ ಕಟ್ಟೆಯ ಮೇಲೆ ನಿಂತಿದ್ದೆ. ಅಂಥ ನೋಟ ಮತ್ತೆಲ್ಲೂ ಕಂಡಿಲ್ಲ. ಬಲಗಡೆ ಮಾಂಡೋವಿ ಸಮುದ್ರ ಸೇರುವ ಬಾಯಿ, ಅದರಾಚೆ ಆಗ್ವಾದ ಕೋಟೆ. ಎಡಗಡೆ ಜುವಾರಿಯ ಬಾಯಿ, ಅದರಾಚೆ ನಾನು ಬಂದ ಮುರಗಾಂವ. ನಡುವೆ ಈ ಮೂಗಿನಂಥ ಗುಡ್ಡ. ಆ ಮಾಂಡೋವಿಯೇ ನಮ್ಮ ಜಿಲ್ಲೆಯ ಖಾನಾಪುರದ ಕಾಡಿನಲ್ಲಿ, ಭೀಮಗಡದ ಕಡೆ ಹುಟ್ಟುವ ಮಹದಾಯಿ ಎಂದು ಆಗ ನನಗೆ ಗೊತ್ತಿರಲಿಲ್ಲ. ನಮ್ಮ ಕೃಷ್ಣೆಯದು ಇದರ ತಿರುವುಮುರುವು. ಮಹಾಬಳೇಶ್ವರದಲ್ಲಿ, ಅರಬ್ಬಿ ಸಮುದ್ರದಿಂದ ಅರವತ್ತು ಚಿಲ್ಲರೆ ಕಿಲೋಮೀಟರಿನಲ್ಲಿ ಹುಟ್ಟಿ, ಅದಕ್ಕೆ ಬೆನ್ನು ತಿರುಗಿಸಿ, ಕುಡಚಿ ಮೇಲೆ ಹಾದು ಬಂಗಾಳ ಕೊಲ್ಲಿಯವರೆಗೆ ಹೋಗುತ್ತಾಳೆ.

ಹಳೆಯ ಕಾಲದಲ್ಲಿ ಘಟ್ಟದ ಮೇಲಿನವರು ಇಲ್ಲಿಗೆ ಬರುತ್ತಿದ್ದದ್ದು ಕೂಲಿಗಳಾಗಿ ಅಲ್ಲ. ಖಾನಾಪುರ ತಾಲೂಕಿನ ಹಲಸಿಯನ್ನೂ ಗೋವೆಯನ್ನೂ ಒಟ್ಟಿಗೆ ಆಳಿದ ಕದಂಬರ ರಾಜಧಾನಿ ಗೋಪಕಪಟ್ಟಣ ಇದೇ ಜುವಾರಿಯ ದಂಡೆಯಲ್ಲಿತ್ತು. ಈಗ ಅವರ ಹೆಸರು ಉಳಿದಿರುವುದು ಗೋವಾ ಸರಕಾರದ ಬಸ್ಸುಗಳ ಮೇಲೆ. ಕಾಕಾನಿಗೆ ಇದನ್ನು ಹೇಳಿದಾಗ, ‘ಹಂಗಾರ ಟಿಕೆಟ್ ಯಾಕ ತಗೋತಾರ ನಮ್ಮ ಕಡಿಂದ?’ ಅಂದ.

ಮೂರನೆಯದು ಕಾಕಾನದೇ ಜಾಗ. ಒಂದು ಸಂಜೆ, ‘ಬಾ, ಖರೇ ದರಿಯಾ ತೋರಸ್ತೀನಿ’ ಎಂದು ಕರೆದುಕೊಂಡು ಹೊರಟ. ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಗೋಡೆ ದಾಟಿ ಹೋದೆವು. 1966ರಲ್ಲಿ ಶುರುವಾದ ಆ ಸಂಸ್ಥೆಗೆ ಕಾಕಾ ‘ದರಿಯಾದ ಸಾಲಿ’ ಅನ್ನುತ್ತಿದ್ದ. ಅದರ ನಿರ್ದೇಶಕರಾಗಿದ್ದ ಎಸ್. ಝಡ್. ಕಾಸಿಂ ಅವರ ಮುಂದಾಳತ್ವದಲ್ಲೇ 1981ರ ಡಿಸೆಂಬರಿನಲ್ಲಿ ಭಾರತದ ಮೊದಲ ಅಂಟಾರ್ಕ್ಟಿಕಾ ಯಾತ್ರೆ ಗೋವಾದಿಂದ ಹೊರಟದ್ದು. ಕಾಕಾ ನನ್ನನ್ನು ಕರೆದೊಯ್ದದ್ದು ಕಟ್ಟುತ್ತಿದ್ದ ಒಂದು ಬಿಲ್ಡಿಂಗಿಗೆ. ಸೆಂಟ್ರಿಂಗ್ ಬಿಚ್ಚಿದ್ದರು, ಗೋಡೆ ಎದ್ದಿರಲಿಲ್ಲ. ಕಂಬ ಮತ್ತು ಸ್ಲ್ಯಾಬು ಅಷ್ಟೇ. ಮರಳು, ಸಿಮೆಂಟಿನ ಖಾಲಿ ಚೀಲ ತುಳಿಯುತ್ತ ಮೇಲಿನ ಸ್ಲ್ಯಾಬಿಗೆ ಹತ್ತಿದೆವು. ನಮ್ಮ ಕಡೆಯ ಗೌಂಡಿಗಳು ಕೆಲಸ ಮುಗಿಸಿ, ಕೈಕಾಲು ತೊಳೆದು, ಅಂಚಿನಲ್ಲಿ ಕಾಲು ಇಳಿಬಿಟ್ಟು ಬೀಡಿ ಸೇದುತ್ತ ಕೂತಿದ್ದರು. ನಾಲ್ಕೂ ಕಡೆ ತೆರೆದ ಆ ಜಾಗದಿಂದ ಸಮುದ್ರ, ನದಿ, ಬಾರ್ಜು, ಆಚೆ ದಂಡೆಯ ದೀಪ ಎಲ್ಲವೂ ಒಟ್ಟಿಗೆ ಕಂಡವು. ಗವರ್ನರ್ ಸಾಹೇಬರಿಗೂ ಇಷ್ಟು ಕಾಣಲಿಕ್ಕಿಲ್ಲ.

‘ಗ್ವಾಡಿ ಕಟ್ಟಿದ ಮ್ಯಾಲ ಒಂದೊಂದು ಮನಿಗೆ ಒಂದೊಂದು ತುಂಡ ದರಿಯಾ,’ ಅಂದ ಕಾಕಾ. ‘ಈಗ ನೋಡು, ಎಲ್ಲಾ ನಂಬುದ.’

ಅವನು ಕೆಲಸಕ್ಕಿದ್ದ ಬಂಗಲೆಯಲ್ಲೂ ಹಾಗೆಯೇ. ಈಗ ಸಾಹೇಬರು ಕೂತು ಚಹಾ ಕುಡಿಯುವ ಜಾಗದಲ್ಲಿ ಮೊದಲು ಕೂತು ರೊಟ್ಟಿ ತಿಂದವರು ಯಾರೆಂದು ಅವನಿಗೆ ನೆನಪಿತ್ತು. ಓಣಿಯಲ್ಲಿ ನಡೆಯುವಾಗ ಮನೆಗಳನ್ನು ಮಾಲಕರ ಹೆಸರಿನಿಂದ ಗುರುತಿಸುತ್ತಿರಲಿಲ್ಲ. ಇದರ ಪಾಯಾ ಇಂಥವ ತೆಗೆದದ್ದು, ಇದರ ಕಮಾನು ಇಂಥವನ ಕೈ, ಇಲ್ಲಿ ಪರಾತಿ ಜಾರಿ ಇಂಥವಳ ಕಾಲು ಮುರಿದದ್ದು ಎಂದು ಹೇಳುತ್ತ ಹೋಗುತ್ತಿದ್ದ. ದೋನಾ ಪಾವ್ಲಾದ ಇತಿಹಾಸ ಯಾರಾದರೂ ಬರೆದಿದ್ದರೆ ಅದರಲ್ಲಿ ಇಷ್ಟು ಇರಲಾರದು.

ಆ ಸ್ಲ್ಯಾಬಿನಿಂದಲೂ ಕಾಣದ ಒಂದು ದಂಡೆಯಿತ್ತು. ಮುರಗಾಂವದ ಗುಡ್ಡದ ಬೆನ್ನ ಹಿಂದೆ ವಾಸ್ಕೋದ ಬೈನಾ. ಅಲ್ಲಿಯೂ ಕನ್ನಡದವರೇ ಬಹಳ, ಮರಳಿನ ಮೇಲೆಯೇ ಗುಡಿಸಲು. ಅಲ್ಲಿ ನಡೆಯುತ್ತಿದ್ದ ದಂಧೆಯ ಹೆಸರು ಹೇಳಿ 2004ರ ಜೂನ್ ಮಳೆಯಲ್ಲಿ ಅವನ್ನು ಬುಲ್ಡೋಜರ್ ಹಚ್ಚಿ ಕೆಡವಿದರು. ದಂಧೆಗೆ ಸಂಬಂಧವೇ ಇಲ್ಲದವರ ಮನೆಗಳೂ ಹೋದವು. ಮೀನು ಮಾರಿ, ಹಮಾಲಿ ಮಾಡಿ ಬದುಕಿದ ಒಂದೆರಡು ಕುಟುಂಬ ಕಾಕಾನ ಪರಿಚಯದವು. ಮಳೆಯಲ್ಲಿ ನೆನೆದ ಹಾಸಿಗೆ ಹೊತ್ತು ಅವರು ಊರಿನ ರೈಲು ಹತ್ತಿದ್ದನ್ನು ಅವನು ಎಷ್ಟೋ ವರ್ಷ ಹೇಳುತ್ತಿದ್ದ. ಒಂದೇ ಸಮುದ್ರ. ಒಂದು ದಂಡೆಯಲ್ಲಿ ನಮ್ಮವರು ಕಟ್ಟಿದರೆ ಅದಕ್ಕೆ ನೋಟದ ಬೆಲೆ ಸೇರಿ ಬಂಗಲೆಯಾಗುತ್ತದೆ. ಇನ್ನೊಂದು ದಂಡೆಯಲ್ಲಿ ನಮ್ಮವರೇ ತಮಗಾಗಿ ಕಟ್ಟಿಕೊಂಡದ್ದು ಅತಿಕ್ರಮಣ. ಕಾನೂನಿಗೆ ಅದರದೇ ಲೆಕ್ಕ ಇರಬಹುದು. ನನಗೆ ಆ ಲೆಕ್ಕ ಇಂದಿಗೂ ಸರಿಹೋಗಿಲ್ಲ.

ಆಮೇಲೂ ಹೋಗುತ್ತಲೇ ಇದ್ದೆ. ಮದುವೆಯಾದ ಹೊಸದರಲ್ಲಿ ಹೋದದ್ದು, ಮಕ್ಕಳನ್ನು ಕರೆದುಕೊಂಡು ಹೋದದ್ದು ಇವನ್ನೆಲ್ಲ ಬಿಡಿಸಿ ಹೇಳುವಂಥದ್ದಿಲ್ಲ. ಎಲ್ಲರೂ ತೆಗೆಸುವ ಫೋಟೋಗಳನ್ನೇ ನಾವೂ ತೆಗೆಸಿದೆವು. 2012ರಲ್ಲಿ ಗಣಿಗಾರಿಕೆ ನಿಂತ ಮೇಲೆ ಬಾರ್ಜುಗಳು ಕಡಿಮೆಯಾದವು, ನದಿಯ ಬಾಯಿ ಖಾಲಿ ಖಾಲಿ ಕಂಡಿತು. ಆ ಹೊತ್ತಿಗೆ ಓಣಿಯೂ ಖಾಲಿಯಾಗುತ್ತಿತ್ತು. ಮಾಲಕರಲ್ಲಿ ಮುದುಕರು ತೀರಿಕೊಂಡಿದ್ದರು. ಮಕ್ಕಳು ಲಿಸ್ಬನ್ನು, ಲಂಡನ್ನು, ದುಬೈ. ದಿಲ್ಲಿ, ಮುಂಬೈಯವರು ಕೊಂಡ ಮನೆಗಳ ಬೀಗ ತೆರೆಯುತ್ತಿದ್ದದ್ದು ಕ್ರಿಸ್‌ಮಸ್ಸಿಗೆ. ಮಳೆಗಾಲದಲ್ಲೊಮ್ಮೆ ಹೋದಾಗ ಇಡೀ ಓಣಿಯಲ್ಲಿ ದೀಪ ಉರಿಯುತ್ತಿದ್ದದ್ದು ಹಿತ್ತಲ ಖೋಲಿಗಳಲ್ಲಿ ಮಾತ್ರ. ಬಂಗಲೆಗಳೆಲ್ಲ ಕತ್ತಲು, ಹಿಂದೆ ಜೋಳದ ರೊಟ್ಟಿ, ಈಗ ಹೊಸದಾಗಿ ಬಂದ ಝಾರ್ಖಂಡ್, ಒಡಿಶಾದ ಹುಡುಗರ ಅನ್ನದ ಗಂಜಿ. ಮಾಲಕರು ಇಲ್ಲದ ಕಾರಣ ಕಾಕಾನ ದನಿಯೂ ಸ್ವಲ್ಪ ಮೇಲಕ್ಕೆ ಬಂದಿತ್ತು. ಕಂಪೌಂಡಿನ ಈ ಕಡೆಯಿಂದ ಆ ಕಡೆಗೆ ಕೂಗಿ ಎಲೆಯಡಿಕೆ ಕೇಳುತ್ತಿದ್ದ. ಅಷ್ಟು ಬೆಲೆಯ ಆ ಮೌನವನ್ನು ಅನುಭವಿಸಲು ಯಾರೂ ಇರಲಿಲ್ಲ, ಕೆಡಿಸಲು ನಮ್ಮವರಿದ್ದರು.

ನೀರಿನ ಜಗಳ ಅಲ್ಲಿಗೂ ಮುಟ್ಟಿತ್ತು. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಕೊಟ್ಟಾಗ ಚಹಾದ ಅಂಗಡಿಯಲ್ಲಿ ಯಾರೋ, ‘ನಿಮ್ಮವರು ನಮ್ಮ ನದಿ ಕದ್ದರು’ ಎಂದು ಕಾಕಾನ ಮೇಲೆ ಬಿದ್ದರಂತೆ. ಮೂವತ್ತು ವರ್ಷ ಅವರ ತೋಟಕ್ಕೆ ನೀರು ಹಾಯಿಸಿದ ಮನುಷ್ಯ ನಕ್ಕು ಎದ್ದು ಬಂದ. ಅದಾದ ವರ್ಷಕ್ಕೆ, 2019ರ ಆಗಸ್ಟಿನಲ್ಲಿ, ಕೃಷ್ಣೆ ಉಕ್ಕಿ ಕುಡಚಿ–ಉಗಾರ ಸೇತುವೆ ಮುಳುಗಿತು, ಹೊಲಗಳಲ್ಲಿ ಆಳೆತ್ತರ ನೀರು. 2005ರಲ್ಲಿ ಕಂಡದ್ದನ್ನೂ ಇದು ಮೀರಿಸಿತು. ನಾನು ಫೋನ್ ಮಾಡಿದಾಗ ಕಾಕಾ ಟಿವಿ ಮುಂದೆ ಕೂತಿದ್ದ. ‘ಅಲ್ಲೋ, ಇಷ್ಟ ನೀರು, ದರಿಯಾ ಅಷ್ಟ ಹತ್ತರ ಇದ್ದಾಗ ಈ ಕಡೆ ಬರಬಾರದಿತ್ತೇನು?’ ಎಂದು ಕೃಷ್ಣೆಯನ್ನೇ ಬೈದ.

ಮೊಣಕಾಲು ಕೈಕೊಟ್ಟ ಮೇಲೆ ಕೆಲಸ ಬಿಟ್ಟು ಊರಿಗೆ ಬಂದ. ಮಗ ಬರಲಿಲ್ಲ; ಅವನದು ಪರ್ವರಿಯಲ್ಲಿ ವೈರಿಂಗ್ ದಂಧೆ, ವೋಟು ಅಲ್ಲಿಯದು, ಮಾತು ಅರ್ಧ ಕೊಂಕಣಿ. ಸೂಟಿಗೆ ಮೊಮ್ಮಗಳನ್ನು ಕಳಿಸುತ್ತಾನೆ. ಹೋದ ಹಂಗಾಮಿನಲ್ಲಿ ಬಂದಿದ್ದ ಅವಳನ್ನು ಕಾಕಾ ನದಿ ದಂಡೆಗೆ, ರೈಲಿನ ಸೇತುವೆ ಕಾಣುವ ಏರಿಗೆ ಕರೆದೊಯ್ದ. ನಾನೂ ಇದ್ದೆ. ಕಾರ್ಖಾನೆ ಶುರುವಾಗಿತ್ತು, ಎರಡೆರಡು ಟ್ರಾಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಡೆಕ್ ಹಚ್ಚಿ, ಕಿವಿ ಕಿತ್ತುಹೋಗುವಂತೆ ಜಾನಪದ ಹಾಡು ಹಾಕಿಕೊಂಡು ಸಾಲುಗಟ್ಟಿ ಬರುತ್ತಿದ್ದವು.

‘ದೋನಾ ಪಾವ್ಲಾದಾಗ ಹಿಂಗ ಇರತೈತೇನು?’ ಎಂದು ಕೇಳಿದೆ.

‘ಅಲ್ಲಿ ಏನೂ ಇರೂದಿಲ್ಲ ದೊಡ್ಡಪ್ಪಾ, ಬರೇ ನೀರು,’ ಅಂದಳು. ಮುಂದಿನ ಟ್ರ್ಯಾಕ್ಟರಿನ ಡ್ರೈವರನಿಗೆ ಕೈ ಬೀಸಿ, ಹಾಡು ಇನ್ನೂ ಜೋರು ಮಾಡೆಂದು ಕೂಗಿದಳು. ಅವನು ಮಾಡಿದ. ಕಾಕಾ ಅವನಿಗಿಂತ ಜೋರಾಗಿ ಕೂಗಿ, ಒಂದು ಜಲ್ಲೆ ಕಬ್ಬು ಒಗೆಯಲು ಹೇಳಿದ.